ನನ್ನ ಕ್ಯಾಲೊರಿ ಲೆಕ್ಕ 1,810ಕ್ಕೆ ಬಂದು ನಿಂತದ್ದು ಹೀಗೆ

ತೂಕ ಇಳಿಸಬೇಕು ಅಂತ ಹೊರಟಾಗ ನಾನು ಮೊದಲು ಮಾಡಿದ್ದು ಎಲ್ಲರೂ ಮಾಡುವುದನ್ನೇ, ಸೂತ್ರ ಹಿಡಿದು ಕೂತೆ. ಮಿಫ್ಲಿನ್-ಸೇಂಟ್ ಜೋರ್ ಅನ್ನುವ ಸೂತ್ರ, 1990ರದ್ದು, ಇವತ್ತಿಗೂ ಎಷ್ಟೋ ಕ್ಯಾಲ್ಕುಲೇಟರ್‌ಗಳ ಒಳಗಿರುವುದು ಅದೇ. ಕೆಜಿ ಲೆಕ್ಕದ ತೂಕವನ್ನು 10ರಿಂದ, ಸೆಂಟಿಮೀಟರ್ ಲೆಕ್ಕದ ಎತ್ತರವನ್ನು 6.25ರಿಂದ ಗುಣಿಸಿ ಕೂಡಿಸಬೇಕು. ಅದರಲ್ಲಿ ವಯಸ್ಸಿನ ಐದು ಪಟ್ಟು ಕಳೆಯಬೇಕು. ಕೊನೆಗೆ ಗಂಡಸರು 5 ಕೂಡಿಸಬೇಕು, ಹೆಂಗಸರು 161 ಕಳೆಯಬೇಕು. ನನಗಾಗ 84 ಕೆಜಿ, 170 ಸೆಂಟಿಮೀಟರ್, 38 ವರ್ಷ. ಬಂದದ್ದು ಸುಮಾರು 1,718 ಕ್ಯಾಲೊರಿ. ದಿನವಿಡೀ ಸುಮ್ನೆ ಮಲಗಿದ್ದರೂ ದೇಹಕ್ಕೆ ಅಷ್ಟು ಬೇಕು.

ಎಡವಿದ್ದು ಇಲ್ಲಿಂದ ಮುಂದೆ. ಈ ಅಂಕಿಯನ್ನು ಓಡಾಟಕ್ಕೆ ತಕ್ಕಂತೆ ಗುಣಿಸಬೇಕು. ಕೂತೇ ಇರುವವರಿಗೆ 1.2, ಸ್ವಲ್ಪ ವ್ಯಾಯಾಮ ಮಾಡುವವರಿಗೆ 1.375, ವಾರಕ್ಕೆ ಮೂರರಿಂದ ಐದು ದಿನ ಚೆನ್ನಾಗಿ ಮೈ ದಣಿಸುವವರಿಗೆ 1.55. ಸಂಜೆ ಅರ್ಧ ಗಂಟೆ ನಡೆಯುತ್ತೇನಲ್ಲ, ನಾನೇನು ಕಡಿಮೆ ಅಂತ 1.55 ಹಾಕಿಕೊಂಡೆ. ಮಿಕ್ಕ ಹೊತ್ತೆಲ್ಲ ಕುರ್ಚಿಯಲ್ಲೇ ಅನ್ನುವುದು ಆಗ ನೆನಪಾಗಲಿಲ್ಲ ನೋಡಿ. 2,660 ಬಂತು, ತೂಕ ಇಳಿಯಲಿ ಅಂತ ಅದರಲ್ಲಿ 500 ಕಳೆದರೆ 2,160. ಎರಡು ವಾರ ಶಿಸ್ತಿನಿಂದ ಬರೆದುಕೊಂಡು ತಿಂದೆ. ತೂಕ ಇಳಿಯುವುದಿರಲಿ, ಅರ್ಧ ಕೆಜಿ ಏರಿತ್ತು.

ಸಿಟ್ಟಿನಲ್ಲಿ 1,400ಕ್ಕೆ ಇಳಿಸಿದೆ. ಐದು ದಿನ ತಡೆದೆ. ಆರನೇ ದಿನ ರಾತ್ರಿ ಹನ್ನೊಂದಕ್ಕೆ ಫ್ರಿಜ್ ಮುಂದೆ ನಿಂತು ತಿಂದದ್ದನ್ನು ಬರೆದಿಡುವ ಧೈರ್ಯವೇ ಬರಲಿಲ್ಲ.

ಆಮೇಲೆ ಅಡುಗೆಮನೆಗೊಂದು ಡಿಜಿಟಲ್ ತಕ್ಕಡಿ ತಂದೆ. ಬಾಣಲೆಯನ್ನು ಅದರ ಮೇಲಿಟ್ಟು, ಸೊನ್ನೆ ಮಾಡಿ, ಎಂದಿನ ಹಾಗೆ ಒಂದು ಚಮಚ ಎಣ್ಣೆ ಹಾಕಿದೆ. 11 ಗ್ರಾಂ ತೋರಿಸಿತು. ಎಣ್ಣೆ ಗ್ರಾಂಗೆ 9 ಕ್ಯಾಲೊರಿ, ಅಂದರೆ ಚಮಚಕ್ಕೆ ಹತ್ತಿರ ಹತ್ತಿರ 100. ದಿನಕ್ಕೆ ನನ್ನ ಪಾಲಿಗೆ ಅಂಥ ನಾಲ್ಕು ಚಮಚ ಬರುತ್ತಿತ್ತು, ಒಂದನ್ನೂ ಬರೆದಿರಲಿಲ್ಲ! ಕಳೆದ 500ರಲ್ಲಿ 400 ಬಾಣಲೆಯಲ್ಲೇ ವಾಪಸ್ ಬಂದಿತ್ತು.

ಸೂತ್ರವನ್ನು ಬದಿಗಿಟ್ಟೆ. ಐದು ವಾರ ಎಣ್ಣೆಯನ್ನೂ ಸೇರಿಸಿ ದಿನಕ್ಕೆ ಸರಾಸರಿ 2,150 ತಿಂದೆ. ದಿನಾ ಬೆಳಿಗ್ಗೆ ಶೌಚ ಮುಗಿಸಿ, ನೀರೂ ಕುಡಿಯುವ ಮುಂಚೆ ತೂಕ ನೋಡಿ ಬರೆದಿಟ್ಟೆ. ಒಂದು ದಿನದ ತೂಕವನ್ನು ಮಾತ್ರ ನಂಬಲೇಬೇಡಿ. ಒಮ್ಮೆ ಉಪ್ಪು ಜಾಸ್ತಿ ಇದ್ದ ಊಟ ಮಾಡಿದ ಮರುದಿನ 1.3 ಕೆಜಿ ಏರಿತ್ತು. ಒಂದು ಕೆಜಿ ಕೊಬ್ಬಿಗೆ ಸುಮಾರು 7,700 ಕ್ಯಾಲೊರಿ ಅಂತ ಲೆಕ್ಕ, ಹಾಗಾದರೆ ಅದು ಕೊಬ್ಬೇ ಆಗಿದ್ದರೆ ನಾನು ಒಂದೇ ರಾತ್ರಿಯಲ್ಲಿ 10,000 ಕ್ಯಾಲೊರಿ ಹೆಚ್ಚಿಗೆ ತಿಂದಿರಬೇಕು, ಅಲ್ವಾ? ಬರೀ ನೀರು ಅದು, ಮೂರು ದಿನಕ್ಕೆ ಇಳಿಯಿತು. ಅದಕ್ಕೇ ಏಳು ದಿನದ ಸರಾಸರಿ ನೋಡುವುದು.

ಮೊದಲ ವಾರದ ಸರಾಸರಿ 84.2, ಐದನೇ ವಾರದ್ದು 83.8. ನಾಲ್ಕು ವಾರದ ಅಂತರದಲ್ಲಿ 0.4 ಕೆಜಿ, ಅಂದರೆ 3,080 ಕ್ಯಾಲೊರಿ, ದಿನಕ್ಕೆ 110. ಅದನ್ನು 2,150ಕ್ಕೆ ಸೇರಿಸಿದರೆ 2,260. ತೂಕ ಏರದೆ ಇಳಿಯದೆ ನಿಲ್ಲುವ ನನ್ನ ಅಂಕಿ ಅದು. ಅದರಲ್ಲಿ 450 ಕಳೆದು 1,810 ಇಟ್ಟುಕೊಂಡೆ. ಸಕ್ಕರೆ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುವವರು, ಬಸುರಿಯರು, ಹಾಲೂಡಿಸುವವರು ಡಾಕ್ಟರನ್ನು ಕೇಳದೆ ಇದಕ್ಕೆ ಕೈ ಹಾಕಬೇಡಿ.

ಈ ದಾರಿಯಲ್ಲಿ ನನಗೆ ಹಿಡಿಸಿದ್ದು ಏನೆಂದರೆ, ಅಳತೆ ಸ್ವಲ್ಪ ತಪ್ಪಿದರೂ ನಡೆಯುತ್ತದೆ. ದಿನಾ 100 ಕಡಿಮೆ ಬರೆಯುವ ಚಾಳಿ ಇದ್ದರೆ 2,260ರಲ್ಲೂ ಅದೇ ತಪ್ಪು, 1,810ರಲ್ಲೂ ಅದೇ ತಪ್ಪು. ನಡುವಿನ 450 ಹಾಗೇ ಉಳಿಯುತ್ತದೆ. ಒಂದು ವಾರ ಒಂದು ಥರ, ಇನ್ನೊಂದು ವಾರ ಇನ್ನೊಂದು ಥರ ಬರೆದರೆ ಮಾತ್ರ ಕೆಟ್ಟಿತು.

ವಾರಕ್ಕೆ 0.4 ಕೆಜಿಯಂತೆ ಇಳಿಯಲು ಶುರುವಾಗಿ, ನಾಲ್ಕು ತಿಂಗಳ ಹೊತ್ತಿಗೆ 78 ಮುಟ್ಟಿದೆ. ಅಷ್ಟರಲ್ಲಿ ವೇಗ ತಗ್ಗಿತ್ತು. ಹಗುರಾದ ದೇಹಕ್ಕೆ ಬೇಕಾದದ್ದೂ ಕಡಿಮೆ, 6 ಕೆಜಿಗೆ ಓಡಾಟವೂ ಸೇರಿ ದಿನಕ್ಕೆ 80ರಷ್ಟು. ಊಟದಲ್ಲಿ ಇನ್ನೂ 80 ಕಡಿಮೆ ಮಾಡಲು ಮನಸ್ಸಾಗಲಿಲ್ಲ, ಸಂಜೆಯ ನಡಿಗೆಗೆ ಇಪ್ಪತ್ತೈದು ನಿಮಿಷ ಸೇರಿಸಿದೆ.