ಅನ್ನಕ್ಕಿಂತ ಮೊದಲು ಪಲ್ಯ

ಮಧ್ಯಾಹ್ನದ ಊಟದಲ್ಲಿ ಬಟ್ಟಲಿಗೆ ಮೊದಲು ಕುಚ್ಚಿಲಕ್ಕಿ ಅನ್ನವನ್ನು ಹಾಕಿಕೊಳ್ಳುವ ಬದಲು ಅಲಸಂಡೆ, ತೊಂಡೆಕಾಯಿ ಅಥವಾ ಹರಿವೆಯ ಪಲ್ಯವನ್ನೂ ಬೇಯಿಸಿದ ಹೆಸರುಕಾಳನ್ನೂ, ಮೀನು ತಿನ್ನುವವರಾದರೆ ಮೀನನ್ನೂ ಮೊದಲು ತಿಂದು, ಹತ್ತು ನಿಮಿಷಗಳ ಬಳಿಕ ಅನ್ನವನ್ನು ಬಡಿಸಿಕೊಳ್ಳಿ. ತರಕಾರಿಯ ನಾರು ಮತ್ತು ಕಾಳು, ಮೀನುಗಳ ಪ್ರೋಟೀನು ಜಠರದಿಂದ ಆಹಾರ ಮುಂದೆ ಸಾಗುವ ವೇಗವನ್ನು ತಗ್ಗಿಸುವುದರಿಂದ ಊಟದ ನಂತರ ರಕ್ತದ ಸಕ್ಕರೆ ಒಮ್ಮೆಲೇ ಏರುವುದು ಕಡಿಮೆಯಾಗುತ್ತದೆ. ಹಸಿವು ಅರ್ಧ ತಣಿದಿರುವುದರಿಂದ ಎರಡನೆಯ ಸಲ ಅನ್ನ ಹಾಕಿಸಿಕೊಳ್ಳುವ ಮನಸ್ಸೂ ಸಾಮಾನ್ಯವಾಗಿ ಬರುವುದಿಲ್ಲ. ನಮ್ಮ ಕಾಸರಗೋಡಿನಲ್ಲಿ ಜೂನ್‌ನಲ್ಲಿ ಮಳೆ ಹಿಡಿಯಿತೆಂದರೆ ಸಂಜೆಯ ನಡಿಗೆ ತಿಂಗಳುಗಟ್ಟಲೆ ನಿಂತೇ ಹೋಗುವುದರಿಂದ, ಮನೆಯೊಳಗೇ ಸಾಧ್ಯವಾಗುವ ಇಂತಹ ಕ್ರಮಕ್ಕೆ ನಾನು ಹೆಚ್ಚು ಬೆಲೆ ಕೊಡುತ್ತೇನೆ. ಆದರೆ ಮೊದಲು ತಿನ್ನುವುದು ಮರಗೆಣಸಿನದೋ ಬಟಾಟೆಯದೋ ಪಲ್ಯವಾದರೆ ಹೆಚ್ಚಿನ ಪ್ರಯೋಜನವಿಲ್ಲ, ಏಕೆಂದರೆ ಅವು ಹೆಸರಿಗೆ ಪಲ್ಯವಾದರೂ ಪಿಷ್ಟದ ಲೆಕ್ಕದಲ್ಲಿ ಅನ್ನದ ನೆಂಟರೇ. ಒಂದು ಚಮಚ ಪಲ್ಯವೂ ಸಾಲದು, ದೊಡ್ಡ ಸೌಟಿನಷ್ಟಾದರೂ ಬೇಕು. ಬರಿಯ ಉಪ್ಪಿನಕಾಯಿಯೊಂದಿಗೆ ಉಣ್ಣುವ ಗಂಜಿಗೂ ಜಂಬರದ (ಸಮಾರಂಭದ) ಮನೆಯಲ್ಲಿ ಸಾಲಾಗಿ ಕುಳಿತು ಉಣ್ಣುವ ಹಂತಿಯ ಊಟಕ್ಕೂ ಇದು ಹೊಂದುವುದಿಲ್ಲ (ಎಲೆಯ ಕೊಡಿಯ ಪಲ್ಯ ಮುಗಿದದ್ದನ್ನು ಕಂಡ ಬಡಿಸುವವರು ಇನ್ನಷ್ಟು ಹಾಕಿ ಹೋದರೆ ಅದು ನಿಮ್ಮ ಅದೃಷ್ಟ). ಇನ್ಸುಲಿನ್ ತೆಗೆದುಕೊಳ್ಳುವವರು ಮಾತ್ರ ಮೊದಲು ತಮ್ಮ ವೈದ್ಯರಲ್ಲಿ ಕೇಳಿಕೊಳ್ಳಬೇಕು, ಚುಚ್ಚುಮದ್ದಿನ ನಂತರ ಅನ್ನ ತಡವಾದರೆ ಸಕ್ಕರೆ ಮಿತಿಗಿಂತ ಕೆಳಗಿಳಿಯಬಹುದು.