ಒಂದೇ ಕಂಪನಿಯ ಲೈನು, ಅವರದೇ ಡಬ್ಬಿ: ರೂಟರ್ ಕಾಟದಿಂದ ಪಾರಾಗುವುದು ಹೇಗೆ?

ಇಡೀ ಬಡಾವಣೆಗೆ ಬ್ರಾಡ್‌ಬ್ಯಾಂಡ್ ಕೊಡುವುದು ಒಂದೇ ಕಂಪನಿ. ಅವರು ತಂದಿಟ್ಟ ಡಬ್ಬಿಯನ್ನೇ ಬಳಸಬೇಕು. ನೆಟ್ ನಿಂತಾಗ ಫೋನ್ ಮಾಡಿದರೆ ‘ಆಫ್ ಮಾಡಿ ಆನ್ ಮಾಡಿ’ ಎನ್ನುತ್ತಾರೆ. ಬೇರೆ ಕಂಪನಿಗೆ ಹೋಗುತ್ತೇವೆ ಎನ್ನೋಣವೆಂದರೆ ಬೇರೆ ಕಂಪನಿಯೇ ಇಲ್ಲ. ಇಂಥ ಕಡೆ ಗ್ರಾಹಕರು ಮಾಡಬಹುದಾದ ಗಟ್ಟಿ ಕೆಲಸ ಒಂದಿದೆ: ಕಂಪನಿಯ ಹೊಣೆ ಎಲ್ಲಿಗೆ ಮುಗಿಯುತ್ತದೆ, ಮನೆಯವರ ಹೊಣೆ ಎಲ್ಲಿಂದ ಶುರುವಾಗುತ್ತದೆ ಎಂಬ ಗಡಿಯನ್ನು ಸರಿಯಾಗಿ ಎಳೆಯುವುದು. ಗಡಿಯ ಈಚೆಗಿನ ಸಲಕರಣೆ ನಮ್ಮದಾದರೆ ಬಹಳಷ್ಟು ತೊಂದರೆ ಅಲ್ಲೇ ನಿಲ್ಲುತ್ತದೆ. ಉಳಿದದ್ದು ಕಂಪನಿಯ ಲೈನಿನದೇ ಎಂದು ತೋರಿಸುವುದಕ್ಕೂ ಆಧಾರ ಸಿಗುತ್ತದೆ.

ಒಂದು ಡಬ್ಬಿ, ಮೂರು ಕೆಲಸ

ಫೈಬರ್ ಲೈನಿನ ಜೊತೆ ಬರುವ ಡಬ್ಬಿ ಮೂರು ಬೇರೆ ಬೇರೆ ಕೆಲಸ ಮಾಡುತ್ತದೆ. ಬೆಳಕಿನ ಸಿಗ್ನಲ್ಲನ್ನು ವಿದ್ಯುತ್ ಸಿಗ್ನಲ್ಲಾಗಿ ಬದಲಾಯಿಸುವುದು ಒಎನ್‌ಟಿ ಎಂಬ ಭಾಗದ ಕೆಲಸ. ಮನೆಯ ಫೋನು, ಟಿವಿ, ಲ್ಯಾಪ್‌ಟಾಪ್‌ಗಳಿಗೆ ವಿಳಾಸ ಕೊಟ್ಟು ಎಲ್ಲವನ್ನೂ ಒಂದೇ ಲೈನಿನಲ್ಲಿ ಹೊರಗೆ ಕಳಿಸುವುದು ರೂಟರ್‌ನ ಕೆಲಸ. ಮೂರನೆಯದು ವೈಫೈ. ಕಂಪನಿಯ ಉಪಕರಣವೇ ಬೇಕಾಗುವುದು ಸಾಮಾನ್ಯವಾಗಿ ಮೊದಲನೆಯದಕ್ಕೆ ಮಾತ್ರ, ಏಕೆಂದರೆ ಒಎನ್‌ಟಿಯ ಸೀರಿಯಲ್ ನಂಬರ್ ಅವರ ಎಕ್ಸ್‌ಚೇಂಜಿನಲ್ಲಿ ನೋಂದಣಿಯಾಗಿರುತ್ತದೆ. ಉಳಿದ ಎರಡನ್ನು ಸ್ವಂತ ರೂಟರ್‌ಗೆ ವಹಿಸಬಹುದು. ಕಾಟ ಕೊಡುವುದು ಹೆಚ್ಚಾಗಿ ಆ ಎರಡೇ.

ಮೊದಲು ರೋಗ ಎಲ್ಲಿದೆ ನೋಡಿ

ಹೊಸ ರೂಟರ್ ಕೊಳ್ಳುವ ಮೊದಲು ಅಡಾಪ್ಟರ್ ನೋಡಿ. ಡಬ್ಬಿ ತಾನಾಗಿ ರೀಸ್ಟಾರ್ಟ್ ಆಗುತ್ತಿದ್ದರೆ, ಅದರಲ್ಲೂ ಎಲ್ಲರೂ ಮನೆಯಲ್ಲಿದ್ದು ವೈಫೈ ಜೋರಾಗಿ ಬಳಕೆಯಾಗುವ ಹೊತ್ತಿನಲ್ಲಿ ಹಾಗಾದರೆ, ಮೊದಲ ಅನುಮಾನ ಅಡಾಪ್ಟರ್ ಮೇಲೆ ಇರಲಿ. ಅದರೊಳಗಿನ ಕೆಪಾಸಿಟರ್‌ಗಳು ಬಿಸಿಗೆ ಒಣಗುತ್ತವೆ. ಲೋಡ್ ಕಡಿಮೆ ಇದ್ದಾಗ ಸರಿಯಾಗಿಯೇ ಇರುತ್ತದೆ, ವೈಫೈ ಹೆಚ್ಚು ಕರೆಂಟ್ ಎಳೆದ ಕೂಡಲೇ ವೋಲ್ಟೇಜ್ ಕುಸಿಯುತ್ತದೆ. ಅಡಾಪ್ಟರ್ ಮೇಲಿನ ಲೇಬಲ್ಲಿನಲ್ಲಿ 12 ವೋಲ್ಟ್, 1.5 ಆಂಪ್ ಎಂಬಂತೆ ಬರೆದಿರುತ್ತದೆ. ಬದಲಿ ತರುವಾಗ ವೋಲ್ಟ್ ಅಷ್ಟೇ ಇರಬೇಕು, ಆಂಪ್ ಅಷ್ಟೇ ಅಥವಾ ಹೆಚ್ಚಿರಬೇಕು, ಪಿನ್ನಿನ ಪ್ಲಸ್–ಮೈನಸ್ ಗುರುತು ಒಂದೇ ಆಗಿರಬೇಕು. ಆಂಪ್ ಕಡಿಮೆಯಾದರೆ ಅದೇ ಕಾಯಿಲೆ ಮರುಕಳಿಸುತ್ತದೆ. ವೋಲ್ಟ್ ಹೆಚ್ಚಾದರೆ ಡಬ್ಬಿ ಸುಟ್ಟೀತು.

ಮುಂದಿನದು ಫೈಬರ್. ಲಾಸ್ (LOS) ಎಂದು ಬರೆದ ದೀಪ ಕೆಂಪಗೆ ಉರಿಯುತ್ತಿದ್ದರೆ ಬೆಳಕು ಡಬ್ಬಿಗೆ ತಲುಪುತ್ತಿಲ್ಲ. ಆಗ ಎಷ್ಟು ಸಲ ಆಫ್–ಆನ್ ಮಾಡಿದರೂ ಫಲವಿಲ್ಲ, ನೇರ ದೂರು ಕೊಡಿ. ದೀಪ ಸರಿಯಿದ್ದೂ ನೆಟ್ ಬಿಟ್ಟುಬಿಟ್ಟು ಹೋಗುತ್ತಿದ್ದರೆ ಡಬ್ಬಿಯ ಸೆಟ್ಟಿಂಗ್ ಪುಟಕ್ಕೆ ಹೋಗಿ. ಬ್ರೌಸರ್‌ನಲ್ಲಿ 192.168.1.1 ಎಂದು ಹೊಡೆದರೆ ಸಾಮಾನ್ಯವಾಗಿ ತೆರೆಯುತ್ತದೆ; ಸರಿಯಾದ ವಿಳಾಸ, ಪಾಸ್‌ವರ್ಡ್ ಡಬ್ಬಿಯ ಅಡಿಯ ಲೇಬಲ್ಲಿನಲ್ಲಿರುತ್ತವೆ. ಅಲ್ಲಿ ಆಪ್ಟಿಕಲ್ ಅಥವಾ ಪಾನ್ ಎಂಬ ಭಾಗದಲ್ಲಿ ‘ಆರ್‌ಎಕ್ಸ್ ಪವರ್’ ಹುಡುಕಿ, ಡಬ್ಬಿಗೆ ತಲುಪುವ ಬೆಳಕಿನ ಬಲ ಅದು. ಜಿಪಾನ್ ಲೈನಿನಲ್ಲಿ (ಒಂದೇ ಫೈಬರನ್ನು ಹಲವು ಮನೆಗಳಿಗೆ ಹಂಚುವ ಬಗೆ) ಇದು ಮೈನಸ್ 8ರಿಂದ ಮೈನಸ್ 27 ಡಿಬಿಎಂ ಒಳಗಿರಬೇಕು. ಮೈನಸ್ 15ರಿಂದ 25ರ ನಡುವೆ ಇದ್ದರೆ ನಿಶ್ಚಿಂತೆ. ಮೈನಸ್ ಇರುವುದರಿಂದ ಅಂಕಿ ದೊಡ್ಡದಾದಷ್ಟೂ ಬೆಳಕು ಮಂದ ಎಂದರ್ಥ: 3 ಡಿಬಿ ಇಳಿದರೆ ಬೆಳಕು ಅರ್ಧವಾಯಿತು, 10 ಡಿಬಿ ಇಳಿದರೆ ಹತ್ತರಲ್ಲಿ ಒಂದು ಪಾಲು ಉಳಿಯಿತು. ನೆಟ್ ಚೆನ್ನಾಗಿರುವ ದಿನವೇ ಈ ಅಂಕಿಯ ಫೋಟೊ ತೆಗೆದಿಟ್ಟುಕೊಳ್ಳಿ. ಕೆಟ್ಟ ದಿನ ಹೋಲಿಸಲು ಅದಕ್ಕಿಂತ ಒಳ್ಳೆಯ ದಾಖಲೆ ಇಲ್ಲ.

ಅಂಕಿ ಕುಸಿದಿದ್ದರೆ ಮನೆಯೊಳಗಿನ ಫೈಬರ್ ತಂತಿ ಬೀರುವಿನ ಹಿಂದೆ ಮಡಚಿಕೊಂಡಿದೆಯೇ ನೋಡಿ. ಮೂರು ಸೆಂಟಿಮೀಟರ್ ತ್ರಿಜ್ಯಕ್ಕಿಂತ ಚಿಕ್ಕದಾಗಿ ಬಾಗಿದರೆ ಬೆಳಕು ಬಾಗಿನಲ್ಲೇ ಸೋರಿಹೋಗಬಹುದು. ಹಸಿರು ಬಣ್ಣದ ಕನೆಕ್ಟರ್ ಕಳಚಿದರೆ ನಡುವೆ ಒಂದು ಬಿಳಿ ಕಡ್ಡಿ ಕಾಣುತ್ತದೆ. ಅದರ ತುದಿಯನ್ನು 8 ಡಿಗ್ರಿ ಓರೆಯಾಗಿ ನಯಗೊಳಿಸಿರುತ್ತಾರೆ. ಆ ತುದಿಗೆ ಬೆರಳು ತಾಗಿಸಬೇಡಿ, ಬಾಯಿಂದ ಊದಬೇಡಿ. ಬೆರಳಿನ ಜಿಡ್ಡೇ ಸಾಕು ಸಿಗ್ನಲ್ ಕೆಡಿಸಲು. ಕಣ್ಣಿನ ಎದುರು ಹಿಡಿದು ನೋಡುವುದಂತೂ ಬೇಡವೇ ಬೇಡ, ಅದರಲ್ಲಿ ಬರುವ ಲೇಸರ್ ಬೆಳಕು ಕಣ್ಣಿಗೆ ಕಾಣುವಂಥದ್ದಲ್ಲ. ಹಸಿರು ಕನೆಕ್ಟರ್‌ಗೆ ನೀಲಿ ಕನೆಕ್ಟರ್ ಜೋಡಿಸಲೂಬಾರದು: ಒಂದರ ತುದಿ ಓರೆ, ಇನ್ನೊಂದರದು ನೇರ, ನಡುವೆ ಸಂದು ಉಳಿಯುತ್ತದೆ.

ಇನ್ನು ವೇಗ. ವೈಫೈನಲ್ಲಿ ಅಳೆದ ವೇಗವನ್ನು ಕಂಪನಿ ಒಪ್ಪುವುದಿಲ್ಲ, ಅದು ನ್ಯಾಯವೂ ಹೌದು. ಲ್ಯಾಪ್‌ಟಾಪನ್ನು ಲ್ಯಾನ್ ಕೇಬಲ್‌ನಲ್ಲಿ ನೇರ ಡಬ್ಬಿಗೆ ಜೋಡಿಸಿ ಅಳೆಯಿರಿ. 300 ಎಂಬಿಪಿಎಸ್ ಪ್ಲಾನ್ ಇದ್ದೂ ಪ್ರತಿ ಸಲ 94ರ ಆಸುಪಾಸಿನಲ್ಲೇ ನಿಲ್ಲುತ್ತಿದ್ದರೆ ಹೆಚ್ಚಾಗಿ ಅದು ಕಂಪನಿಯ ತಪ್ಪಲ್ಲ. ಗಿಗಾಬಿಟ್ ವೇಗಕ್ಕೆ ಕೇಬಲ್ಲಿನ ನಾಲ್ಕೂ ಜೋಡಿ ತಂತಿ ಬೇಕು. ಒಂದು ತುಂಡಾದರೂ ಲಿಂಕ್ 100ಕ್ಕೆ ಇಳಿಯುತ್ತದೆ, ಅದರಲ್ಲಿ ಬಳಕೆಗೆ ಸಿಗುವುದು 94 ಚಿಲ್ಲರೆ. ಕ್ಯಾಟ್ 5ಇ ಅಥವಾ ಕ್ಯಾಟ್ 6 ಕೇಬಲ್ ಹಾಕಿ ಮತ್ತೆ ಅಳೆಯಿರಿ.

ಬ್ರಿಡ್ಜ್ ಮೋಡ್: ಗಡಿ ಎಳೆಯುವ ಕೆಲಸ

ಬ್ರಿಡ್ಜ್ ಮೋಡ್‌ಗೆ ಹಾಕಿದರೆ ಕಂಪನಿಯ ಡಬ್ಬಿ ರೂಟರ್ ಕೆಲಸ ಬಿಟ್ಟು ಬರೀ ಒಎನ್‌ಟಿ ಆಗಿ ಉಳಿಯುತ್ತದೆ. ಅದಕ್ಕೆ ಮುಂಚೆ ಸೆಟ್ಟಿಂಗ್‌ನ ವ್ಯಾನ್ (ಹೊರಗಿನ ಲೈನಿನ) ಪುಟ ತೆರೆದು ಐದು ಸಂಗತಿ ಬರೆದಿಟ್ಟುಕೊಳ್ಳಿ: ಕನೆಕ್ಷನ್ ಬಗೆ (ಹೆಸರು–ಪಾಸ್‌ವರ್ಡ್ ಕೇಳುವ ಪಿಪಿಪಿಒಇ, ವಿಳಾಸ ತಾನಾಗಿ ಸಿಗುವ ಡಿಎಚ್‌ಸಿಪಿ ಅಥವಾ ವಿಳಾಸ ನಾವೇ ತುಂಬುವ ಸ್ಟ್ಯಾಟಿಕ್), ಯೂಸರ್‌ನೇಮ್, ವಿಲ್ಯಾನ್ ನಂಬರ್ (ಒಂದೇ ಲೈನಿನಲ್ಲಿ ಓಡುವ ಬೇರೆ ಬೇರೆ ಸೇವೆಗಳನ್ನು ಬೇರ್ಪಡಿಸುವ ಗುರುತು), ಎಂಟಿಯು (ಒಂದು ಸಲಕ್ಕೆ ಕಳಿಸುವ ಪ್ಯಾಕೆಟ್ಟಿನ ಗರಿಷ್ಠ ಗಾತ್ರ), ಮ್ಯಾಕ್ ವಿಳಾಸ (ಉಪಕರಣದ ಗುರುತಿನ ಸಂಖ್ಯೆ). ಇವುಗಳಲ್ಲಿ ಒಂದು ತಪ್ಪಿದರೂ ಹೊಸ ರೂಟರ್ ಸರಿಯಾಗಿ ಕೆಲಸ ಮಾಡದೆ ಹೋಗಬಹುದು. ಪಾಸ್‌ವರ್ಡ್ ಚುಕ್ಕಿಗಳಾಗಿ ಕಾಣುವುದರಿಂದ ಅದನ್ನು ಕಂಪನಿಯಿಂದಲೇ ಕೇಳಬೇಕು.

ಕಸ್ಟಮರ್ ಕೇರ್‌ನಲ್ಲಿ ‘ನನ್ನ ರೂಟರ್ ಹಾಕಿಕೊಳ್ಳಬಹುದೇ’ ಎಂದು ಕೇಳಿದರೆ ಇಲ್ಲ ಎಂದೇ ಉತ್ತರ ಬರುವ ಸಂಭವ ಹೆಚ್ಚು. ಹೀಗೆ ಕೇಳಿ: ‘ಒಎನ್‌ಟಿಯಲ್ಲಿ ಇಂಟರ್‌ನೆಟ್ ವ್ಯಾನ್ ಮಾತ್ರ ಬ್ರಿಡ್ಜ್ ಮಾಡಿ, ಒಂದನೇ ಲ್ಯಾನ್ ಪೋರ್ಟಿಗೆ ಕೊಡಿ. ಪಿಪಿಪಿಒಇ ಪಾಸ್‌ವರ್ಡ್ ಮತ್ತು ವಿಲ್ಯಾನ್ ನಂಬರ್ ಹೇಳಿ. ವಿಲ್ಯಾನ್ ಟ್ಯಾಗ್ ಒಎನ್‌ಟಿ ಹಾಕುತ್ತದೋ, ನನ್ನ ರೂಟರ್ ಹಾಕಬೇಕೋ?’ ‘ಇಂಟರ್‌ನೆಟ್ ಮಾತ್ರ’ ಎಂಬ ಮಾತು ಮುಖ್ಯ. ಅದೇ ಡಬ್ಬಿಯಲ್ಲಿ ಲ್ಯಾಂಡ್‌ಲೈನ್ ಫೋನೋ ಟಿವಿಯೋ ಇದ್ದರೆ ಅವು ಬೇರೆ ವಿಲ್ಯಾನ್‌ನಲ್ಲಿ ಓಡುತ್ತಿರುತ್ತವೆ. ಎಲ್ಲವನ್ನೂ ಒಟ್ಟಿಗೆ ಬ್ರಿಡ್ಜ್ ಮಾಡಿಬಿಟ್ಟರೆ ಅವು ನಿಂತುಹೋಗುತ್ತವೆ.

ನಿಮ್ಮ ಊರಿನ ನಿಯಮ ಏನೆಂದು ವಿಚಾರಿಸಿ, ಏಕೆಂದರೆ ಗ್ರಾಹಕರ ಸ್ವಂತ ಉಪಕರಣದ ಹಕ್ಕು ಹೊಸ ಬೇಡಿಕೆಯೇನಲ್ಲ. ಅಮೆರಿಕದಲ್ಲಿ 1968ರಲ್ಲೇ ಕಾರ್ಟರ್‌ಫೋನ್ ಪ್ರಕರಣದಲ್ಲಿ ಸಂವಹನ ಆಯೋಗವು, ಜಾಲಕ್ಕೆ ಹಾನಿ ಮಾಡದ ಬೇರೆಯವರ ಸಾಧನವನ್ನು ಟೆಲಿಫೋನ್ ಕಂಪನಿ ತಡೆಯುವಂತಿಲ್ಲ ಎಂದಿತು. ಜರ್ಮನಿಯಲ್ಲಿ 2016ರ ಆಗಸ್ಟ್ 1ರಿಂದ ರೂಟರ್ ಆಯ್ಕೆ ಗ್ರಾಹಕರದೇ.

ಜೋಡಣೆ ಸುಲಭ. ಎರಡೂ ಡಬ್ಬಿ ಆಫ್ ಮಾಡಿ, ಒಎನ್‌ಟಿಯ ಒಂದನೇ ಲ್ಯಾನ್ ಪೋರ್ಟಿನಿಂದ ಸ್ವಂತ ರೂಟರ್‌ನ ವ್ಯಾನ್ ಪೋರ್ಟಿಗೆ ಕೇಬಲ್ ಹಾಕಿ. ಹತ್ತು ನಿಮಿಷ ಬಿಟ್ಟು ಮೊದಲು ಒಎನ್‌ಟಿ, ಅದರ ದೀಪ ಸ್ಥಿರವಾದ ಮೇಲೆ ರೂಟರ್ ಆನ್ ಮಾಡಿ. ಹತ್ತು ನಿಮಿಷ ಕಾಯುವುದಕ್ಕೆ ಕಾರಣವಿದೆ: ಹಳೆಯ ಲಾಗಿನ್ ಕಂಪನಿಯ ಸರ್ವರ್‌ನಲ್ಲಿ ಇನ್ನೂ ಜೀವಂತ ಇದ್ದರೆ ಅದೇ ಹೆಸರಿನ ಎರಡನೇ ಲಾಗಿನ್ನನ್ನು ಅದು ತಳ್ಳಿಹಾಕಬಹುದು. ಆಮೇಲೆ, ಲೈನು ಪಿಪಿಪಿಒಇ ಬಗೆಯದಾದರೆ, ರೂಟರ್‌ನಲ್ಲಿ ಅದನ್ನು ಆರಿಸಿ, ಹೆಸರು–ಪಾಸ್‌ವರ್ಡ್ ಕೊಟ್ಟು, ಎಂಟಿಯು 1492 ಇಡಿ. ಎತರ್ನೆಟ್ಟಿನ 1500 ಬೈಟ್‌ನಲ್ಲಿ 8 ಬೈಟ್ ಪಿಪಿಪಿಒಇಗೇ ಹೋಗುತ್ತದೆ. ಕೆಲವು ಸೈಟ್ ತೆರೆಯುತ್ತವೆ, ಕೆಲವು ಅರ್ಧಕ್ಕೇ ನಿಲ್ಲುತ್ತವೆ ಎಂದಾದರೆ ಮೊದಲು ಈ ಅಂಕಿಯನ್ನೇ ನೋಡಿ.

ಕನೆಕ್ಟ್ ಆಗದಿದ್ದರೆ ರೂಟರ್‌ನ ಲಾಗ್ ಓದಿ. ಸರ್ವರ್‌ನಿಂದ ಉತ್ತರವೇ ಇಲ್ಲ, ಟೈಮ್‌ಔಟ್ ಎಂದಿದ್ದರೆ ತಪ್ಪು ವಿಲ್ಯಾನ್‌ನಲ್ಲೋ ಕೇಬಲ್ಲಿನಲ್ಲೋ ಇದೆ, ಅಥವಾ ಬ್ರಿಡ್ಜ್ ಇನ್ನೂ ಆಗಿಲ್ಲ. ಅಥೆಂಟಿಕೇಷನ್ ಫೇಲ್ ಎಂದಿದ್ದರೆ ಲೈನು ಸರಿಯಿದೆ, ಹೆಸರು ಅಥವಾ ಪಾಸ್‌ವರ್ಡ್ ತಪ್ಪು. ಡಿಎಚ್‌ಸಿಪಿ ಲೈನಿನಲ್ಲಿ ಐಪಿ ಸಿಗದಿದ್ದರೆ ಹಳೆಯ ಡಬ್ಬಿಯ ಮ್ಯಾಕ್ ವಿಳಾಸವನ್ನು ‘ಮ್ಯಾಕ್ ಕ್ಲೋನ್’ನಲ್ಲಿ ತುಂಬಿ ನೋಡಿ.

ಕನೆಕ್ಟ್ ಆದ ಮೇಲೆ ವ್ಯಾನ್ ಐಪಿ ಗಮನಿಸಿ. 100.64ರಿಂದ 100.127ರವರೆಗಿನ ಅಂಕಿಯಿಂದ ಶುರುವಾಗಿದ್ದರೆ ಕಂಪನಿ ಒಂದೇ ಸಾರ್ವಜನಿಕ ವಿಳಾಸವನ್ನು ಹಲವು ಮನೆಗಳಿಗೆ ಹಂಚಿದೆ. ಮನೆಯ ಸಿಸಿಟಿವಿಯನ್ನು ಹೊರಗಿನಿಂದ ನೋಡಲು ರೂಟರ್‌ನಲ್ಲಿ ಎಷ್ಟು ಪೋರ್ಟ್ ಫಾರ್ವರ್ಡ್ (ಹೊರಗಿನಿಂದ ಬಂದದ್ದನ್ನು ಒಳಗಿನ ಸಾಧನಕ್ಕೆ ದಾಟಿಸುವ ಸೆಟ್ಟಿಂಗ್) ಮಾಡಿದರೂ ಆಗ ಪ್ರಯೋಜನವಿಲ್ಲ. ಪಬ್ಲಿಕ್ ಐಪಿ ಕೇಳಬೇಕು, ಇಲ್ಲವೇ ಹೊಸ ಬಗೆಯ ವಿಳಾಸ ವ್ಯವಸ್ಥೆಯಾದ ಐಪಿವಿ6 ಬಳಸಬೇಕು.

ಒಂದು ಎಚ್ಚರ. ಟಿಆರ್-069 ಎಂಬ ವ್ಯವಸ್ಥೆಯಿಂದ ಕಂಪನಿ ತನ್ನ ಡಬ್ಬಿಯನ್ನು ದೂರದಿಂದಲೇ ಬದಲಾಯಿಸುತ್ತದೆ. ಯಾವುದೋ ರಾತ್ರಿ ಅಪ್‌ಡೇಟ್ ಆಗಿ ಬ್ರಿಡ್ಜ್ ರದ್ದಾಗಿರುವುದು ಉಂಟು. ಚೆನ್ನಾಗಿದ್ದ ನೆಟ್ ಬೆಳಗ್ಗೆದ್ದಾಗ ಇಲ್ಲ, ಫೈಬರ್ ದೀಪ ಮಾತ್ರ ಸರಿಯಿದೆ ಎಂದಾದರೆ ಇದನ್ನು ಮೊದಲು ಪರಿಶೀಲಿಸಿ.

ಬ್ರಿಡ್ಜ್ ಕೊಡುವುದೇ ಇಲ್ಲ ಎಂದರೆ

ಸ್ವಂತ ರೂಟರನ್ನು ಬರೀ ವೈಫೈ ಕೊಡುವ ಆಕ್ಸೆಸ್ ಪಾಯಿಂಟ್ ಮಾಡಿ: ಅದರ ಡಿಎಚ್‌ಸಿಪಿ (ವಿಳಾಸ ಹಂಚುವ ಕೆಲಸ) ಆಫ್, ವಿಳಾಸ 192.168.1.2, ಕೇಬಲ್ ಲ್ಯಾನ್‌ನಿಂದ ಲ್ಯಾನ್‌ಗೆ. ಕಂಪನಿ ಡಬ್ಬಿಯ ವೈಫೈ ಆಫ್ ಮಾಡಿಬಿಡಿ. ವೈಫೈ ಕಾಟ ಇಷ್ಟರಿಂದಲೇ ತಗ್ಗುತ್ತದೆ. ರೂಟರ್ ಆಗಿಯೇ ಬೇಕೆಂದರೆ ಅದರ ಒಳಜಾಲಕ್ಕೆ 192.168.50.1 ತರಹದ ಬೇರೆ ಸರಣಿ ಕೊಡಿ, ಕಂಪನಿಯ ಡಬ್ಬಿಯಲ್ಲಿ ಅದನ್ನು ಡಿಎಂಜಡ್‌ಗೆ (ಹೊರಗಿನಿಂದ ಬಂದದ್ದನ್ನೆಲ್ಲ ಒಂದೇ ಸಾಧನಕ್ಕೆ ದಾಟಿಸುವ ಸೆಟ್ಟಿಂಗ್) ಸೇರಿಸಿ. ಎರಡೂ 192.168.1 ಸರಣಿಯಲ್ಲೇ ಇದ್ದರೆ ಒಂದಕ್ಕೊಂದು ಅಡ್ಡ ಬಂದು ನೆಟ್ ಬರುವುದಿಲ್ಲ. 2.4 ಗಿಗಾಹರ್ಟ್ಸ್ ವೈಫೈಯನ್ನು 1, 6 ಅಥವಾ 11ನೇ ಚಾನೆಲ್‌ನಲ್ಲಿ, 20 ಮೆಗಾಹರ್ಟ್ಸ್ ಅಗಲಕ್ಕೆ ಇಡಿ.

ಯಾರೋ ವಿಡಿಯೊ ಅಪ್‌ಲೋಡ್ ಮಾಡುವಾಗ ಉಳಿದವರ ವಿಡಿಯೊ ಕಾಲ್ ತುಂಡುತುಂಡಾದರೆ ಪ್ಯಾಕೆಟ್‌ಗಳು ಡಬ್ಬಿಯಲ್ಲಿ ಸಾಲುಗಟ್ಟಿ ನಿಂತಿವೆ. ಈ ಸಾಲನ್ನು ನಿಭಾಯಿಸುವ ಎಸ್‌ಕ್ಯೂಎಂ ಎಂಬ ಸೌಲಭ್ಯ ಇರುವ ರೂಟರ್ ಕೊಳ್ಳಿ. ಅದರ ಮಿತಿಯನ್ನು ನಿಜವಾಗಿ ಸಿಗುವ ವೇಗದ ಶೇ 90ಕ್ಕೆ ಇಡಿ. ವೇಗದಲ್ಲಿ ಶೇ 10 ಕಳೆದುಕೊಂಡರೂ ಮಾತು ಕಡಿಯುವುದಿಲ್ಲ.

ದೂರಿಗೆ ಬೇಕು ಅಂಕಿ

‘ನೆಟ್ ಸ್ಲೋ’ ಎಂಬ ದೂರು ಎಲ್ಲಿಗೂ ಹೋಗುವುದಿಲ್ಲ. ಕೇಬಲ್‌ನಲ್ಲಿ ಜೋಡಿಸಿದ ಕಂಪ್ಯೂಟರಿನಲ್ಲಿ ಎರಡು ಕಮಾಂಡ್ ಕಿಟಕಿ ತೆರೆದು, ಒಂದರಲ್ಲಿ ಸ್ವಂತ ರೂಟರ್‌ಗೆ, ಇನ್ನೊಂದರಲ್ಲಿ ಹೊರಗಿನ ವಿಳಾಸವಾದ 8.8.8.8ಕ್ಕೆ ನಿಲ್ಲದೆ ಪಿಂಗ್ (ಉತ್ತರ ಬರುತ್ತದೆಯೇ ಎಂದು ನೋಡುವ ಕಮಾಂಡ್) ಹಾಕಿ. ಎರಡೂ ಒಟ್ಟಿಗೆ ತಪ್ಪಿದರೆ ದೋಷ ಮನೆಯಲ್ಲಿದೆ. ರೂಟರ್ ಉತ್ತರಿಸುತ್ತಲೇ ಇದ್ದು ಎರಡನೆಯದು ಮಾತ್ರ ಪದೇ ಪದೇ ತಪ್ಪಿದರೆ ದೋಷ ಗಡಿಯಾಚೆಗಿದೆ. ಏಳು ದಿನ ಬೆಳಗ್ಗೆ, ಮಧ್ಯಾಹ್ನ, ರಾತ್ರಿ ವೇಗ ಮತ್ತು ಆರ್‌ಎಕ್ಸ್ ಪವರ್ ಬರೆದಿಡಿ. ಬೆಳಗ್ಗೆ ಪೂರ್ತಿ ವೇಗ, ರಾತ್ರಿ ಕಾಲು ಭಾಗ, ಪವರ್ ಮಾತ್ರ ಒಂದೇ ಸಮ ಎಂದರೆ ತಂತಿ ಕೆಟ್ಟಿಲ್ಲ, ಕಂಪನಿ ತನ್ನ ಸಾಮರ್ಥ್ಯಕ್ಕೆ ಮೀರಿ ಕನೆಕ್ಷನ್ ಕೊಟ್ಟಿರುವ ಸಾಧ್ಯತೆಯೇ ಹೆಚ್ಚು. ಜಿಪಾನ್‌ನಲ್ಲಿ ಒಂದು ಫೈಬರನ್ನು 32 ಅಥವಾ 64 ಮನೆಗಳಿಗೆ ಸೀಳಿರುತ್ತಾರೆ. ಎಲ್ಲರಿಗೂ ಸೇರಿ ಇಳಿಯುವುದು ಸುಮಾರು 2.5 ಜಿಬಿಪಿಎಸ್. ದೂರನ್ನು ಬರವಣಿಗೆಯಲ್ಲಿ ಕೊಟ್ಟು ದೂರು ಸಂಖ್ಯೆ ಪಡೆಯಿರಿ. ಮೇಲಿನ ಅಧಿಕಾರಿಗೆ, ಆಮೇಲೆ ನಿಯಂತ್ರಣ ಸಂಸ್ಥೆಗೆ ಹೋಗುವಾಗ ಈ ಹಾಳೆಯೇ ನಿಮ್ಮ ಪರ ಮಾತಾಡುತ್ತದೆ.

ಎರಡನೇ ದಾರಿ ಹುಡುಕುವಾಗ

ಎರಡನೇ ಕಂಪನಿ ಬಾರದಿರಲು ಕಾರಣ ಅಗೆತದ ಖರ್ಚು. ಮೊದಲು ಬಂದವರು ಅಗೆದ ಬೀದಿಯನ್ನೇ ಮತ್ತೆ ಅಗೆದರೂ ಅರ್ಧ ಮನೆಗಳಷ್ಟೇ ಸಿಗುವುದಾದರೆ ಲೆಕ್ಕ ಕೂಡುವುದಿಲ್ಲ. ಹಾಗಾಗಿ ಒಂಟಿ ಮನೆಯ ಕೋರಿಕೆಗಿಂತ ಇಷ್ಟು ಮನೆಯವರು ಕನೆಕ್ಷನ್ ತೆಗೆದುಕೊಳ್ಳುತ್ತೇವೆ ಎಂದು ಸಹಿ ಹಾಕಿದ ಪಟ್ಟಿಗೆ ತೂಕ ಹೆಚ್ಚು. ವಸತಿ ಸಂಕೀರ್ಣದ ಸಂಘ ಒಂದೇ ಕಂಪನಿಗೆ ಏಕಸ್ವಾಮ್ಯ ಬರೆದುಕೊಟ್ಟಿದೆಯೇ, ಅದರ ಅವಧಿ ಎಂದು ಮುಗಿಯುತ್ತದೆ ಎಂದು ಕೇಳಿ ತಿಳಿಯಿರಿ. ಹೆಸರು ಬೇರೆಯಾದರೂ ಕೇಬಲ್ ಒಂದೇ ಆಗಿರುವುದೂ ಇದೆ. ಹೊಸಬರು ಬಂದಾಗ ಅವರ ಫೈಬರ್ ಯಾವ ಕಂಬದಿಂದ, ಯಾರ ಎಕ್ಸ್‌ಚೇಂಜಿನಿಂದ ಬರುತ್ತದೆ ಎಂದು ಕೇಳಿ. ಅದೇ ಕಂಬ, ಅದೇ ತಂತಿ ಎಂದಾದರೆ ಕಡಿದಾಗ ಎರಡೂ ಒಟ್ಟಿಗೆ ಹೋಗುತ್ತವೆ.

ಅಲ್ಲಿಯವರೆಗೆ ಎರಡು ವ್ಯಾನ್ ಇರುವ, ಅಥವಾ ಯುಎಸ್‌ಬಿ ಡಾಂಗಲ್ ಒಪ್ಪುವ ರೂಟರ್‌ನಲ್ಲಿ 4ಜಿ ಇಲ್ಲವೇ 5ಜಿ ಸಿಮ್ಮನ್ನು ಬದಲಿ ಲೈನಾಗಿ ಇಡಿ. ಫೇಲ್‌ಓವರ್ (ಒಂದು ಲೈನು ನಿಂತಾಗ ತಾನಾಗಿ ಇನ್ನೊಂದಕ್ಕೆ ಹೋಗುವುದು) ಪರೀಕ್ಷೆಗೆ ಹೊರಗಿನ ವಿಳಾಸ ಕೊಡಿ. ಬರೀ ಪೋರ್ಟಿನಲ್ಲಿ ಲಿಂಕ್ ಇದೆಯೇ ಎಂದು ನೋಡುವಂತೆ ಬಿಟ್ಟರೆ ಬೀದಿಯಲ್ಲಿ ಫೈಬರ್ ಕಡಿದರೂ ರೂಟರ್‌ಗೆ ಗೊತ್ತಾಗುವುದಿಲ್ಲ, ಒಎನ್‌ಟಿಯ ಪೋರ್ಟು ಉರಿಯುತ್ತಲೇ ಇರುತ್ತದೆ.

ಕಂಪನಿಯ ಡಬ್ಬಿ, ಅಡಾಪ್ಟರ್, ಬಂದಾಗಿನ ರಟ್ಟಿನ ಪೆಟ್ಟಿಗೆ ಎಸೆಯಬೇಡಿ. ಸೀರಿಯಲ್ ನಂಬರಿನ ಫೋಟೊ ಇಟ್ಟುಕೊಳ್ಳಿ. ಲೈನು ಬಿಡುವ ದಿನ ಡಬ್ಬಿ ವಾಪಸ್ ಕೊಟ್ಟು, ಅದೇ ಸೀರಿಯಲ್ ನಂಬರ್ ಬರೆದ ರಸೀದಿ ಪಡೆಯಿರಿ. ಬರೀ ‘ಒಂದು ರೂಟರ್’ ಎಂದು ಬರೆದ ರಸೀದಿ ಆಮೇಲೆ ಠೇವಣಿ ಕೇಳುವಾಗ ಉಪಯೋಗಕ್ಕೆ ಬರುವುದಿಲ್ಲ.