ಎಚ್‌ಐವಿ ತಡೆ ಕೆಲಸದಲ್ಲಿ ಮೊಬೈಲ್: ಕಾರವಾರ ಕರಾವಳಿಯಲ್ಲಿ ನಾವು ಮಾಡುವ ಕ್ರಮ

ಬೈತಖೋಲ, ತದಡಿ, ಹೊನ್ನಾವರದ ಕಾಸರಕೋಡು, ಹೆದ್ದಾರಿ 66ರ ಲಾರಿ ನಿಲುಗಡೆಗಳು. ಇಲ್ಲಿ ಲೈಂಗಿಕ ಕಾರ್ಯಕರ್ತೆಯರು, ಬೋಟಿನ ಖಲಾಸಿಗಳು, ಲಾರಿ ಚಾಲಕರು, ಪುರುಷರೊಂದಿಗೆ ಸಂಬಂಧವಿರುವ ಪುರುಷರು, ಮಂಗಳಮುಖಿಯರ ಜೊತೆ ಕೆಲಸ ಮಾಡುವಾಗ ಹೊಸ ಆ್ಯಪ್ ಹಾಕಿಕೊಳ್ಳಿ ಎಂದು ನಾವು ಹೇಳುವುದಿಲ್ಲ. ಬೋಟಿನಲ್ಲಿ ಎಲ್ಲರೂ ಒಂದೇ ಕಡೆ ಮಲಗುತ್ತಾರೆ, ಒಬ್ಬರ ಫೋನಿನಲ್ಲಿ ಇನ್ನೊಬ್ಬರು ವಿಡಿಯೋ ನೋಡುತ್ತಾರೆ. ಏಡ್ಸ್ ಎಂಬ ಹೆಸರಿನ ಆ್ಯಪ್ ಅಲ್ಲಿ ಕಂಡರೆ ಆ ಮನುಷ್ಯನ ಕೆಲಸಕ್ಕೇ ಕುತ್ತು. ಆದ್ದರಿಂದ ಎಲ್ಲರ ಫೋನಿನಲ್ಲೂ ಈಗಾಗಲೇ ಇರುವ ವಾಟ್ಸ್‌ಆ್ಯಪ್ಪನ್ನೇ ಬಳಸುತ್ತೇವೆ.

ಗ್ರೂಪ್ ಮಾಡುವುದೇ ಇಲ್ಲ. ಗ್ರೂಪಿನಲ್ಲಿ ಎಲ್ಲರ ನಂಬರ್ ಎಲ್ಲರಿಗೂ ಕಾಣುತ್ತದೆ. ಬ್ರಾಡ್‌ಕಾಸ್ಟ್ ಪಟ್ಟಿಯಲ್ಲಿ ಆ ತೊಂದರೆಯಿಲ್ಲ, ಆದರೆ ನಮ್ಮ ನಂಬರನ್ನು ಸೇವ್ ಮಾಡಿಕೊಂಡವರಿಗೆ ಮಾತ್ರ ಅದು ತಲುಪುತ್ತದೆ. ಹೀಗಾಗಿ ಒಬ್ಬೊಬ್ಬರಿಗೂ ಬೇರೆಬೇರೆಯಾಗಿ ಕಳಿಸುತ್ತೇವೆ. ನಮ್ಮ ನಂಬರನ್ನು ಯಾವ ಹೆಸರಿನಲ್ಲಿ ಸೇವ್ ಮಾಡಬೇಕೆಂದು ಮೊದಲ ಭೇಟಿಯಲ್ಲೇ ಕೂತು ತೀರ್ಮಾನಿಸುತ್ತೇವೆ. ಇದನ್ನು ಸಣ್ಣ ವಿಷಯವೆಂದು ಬಿಡಬಾರದು: ಕೆಲವರು ಒಂದೇ ನಂಬರನ್ನು ‘ಎಚ್‌ಐವಿ ಆಫೀಸ್’ ಎಂದು ಉಳಿಸಿಕೊಂಡರೆ ಸಾಕು, ಟ್ರೂಕಾಲರ್ ಅದೇ ಹೆಸರನ್ನು ಬೇರೆಯವರ ಪರದೆಯ ಮೇಲೂ ತೋರಿಸಬಹುದು. ತಿಂಗಳಿಗೊಮ್ಮೆ ಬೇರೆ ಫೋನಿನಿಂದ ನಮ್ಮ ನಂಬರನ್ನು ಹುಡುಕಿ ನೋಡುತ್ತೇವೆ.

ಅದೇ ಭೇಟಿಯಲ್ಲಿ ಅವರ ಫೋನ್ ಅವರ ಕೈಯಲ್ಲೇ ಇರಲು ಬಿಟ್ಟು ಮೂರು ಕೆಲಸ ಮಾಡಿಸುತ್ತೇವೆ. ಪರದೆ ಲಾಕ್ ಆಗಿದ್ದಾಗ ಮೆಸೇಜಿನ ಒಕ್ಕಣೆ ಕಾಣದಂತೆ ನೋಟಿಫಿಕೇಶನ್ ಮುಚ್ಚುವುದು, ನಮ್ಮ ಚಾಟಿಗೆ ಲಾಕ್ ಹಾಕುವುದು, ಚಿತ್ರಗಳು ಗ್ಯಾಲರಿಗೆ ತಾನಾಗಿ ಇಳಿಯದಂತೆ ಮಾಡುವುದು. ಮೂರನೆಯದನ್ನು ಬಿಟ್ಟರೆ ಕಾಂಡೋಮ್ ಬಳಕೆಯ ಚಿತ್ರ ಮನೆಯ ಮಕ್ಕಳ ಫೋಟೋಗಳ ನಡುವೆ ಹೋಗಿ ಕೂರುತ್ತದೆ.

ಮೆಸೇಜಿನಲ್ಲಿ ಕಾಯಿಲೆಯ ಹೆಸರಿರುವುದಿಲ್ಲ. ಪರೀಕ್ಷೆಯ ದಿನ ಬಂತೆಂದು ತಿಳಿಸುವ ಸಾಲನ್ನು ಅವರೇ ಆರಿಸಿಕೊಳ್ಳುತ್ತಾರೆ. ಒಬ್ಬರಿಗೆ ‘ಬಲೆ ರಿಪೇರಿ ಆಯ್ತಾ?’, ಇನ್ನೊಬ್ಬರಿಗೆ ‘ಸೀರೆ ಬಂದಿದೆ ಅಕ್ಕ’. ಬರುತ್ತೇನೆ ಎಂದರೆ 1, ಫೋನ್ ಮಾಡಿ ಎಂದರೆ 2. ಓದಲು ಬಾರದವರಿಗೆ ಅರ್ಧ ನಿಮಿಷದ ಧ್ವನಿ ಸಂದೇಶ, ಅವರ ಭಾಷೆಯಲ್ಲಿ: ಕೊಂಕಣಿ, ಹಿಂದಿ, ಒಡಿಯಾ. ಫೋನನ್ನು ಕಿವಿಗೆ ಹಿಡಿದೇ ಕೇಳಬೇಕೆಂದು ಮಾಡಿ ತೋರಿಸದಿದ್ದರೆ ಅದು ಸ್ಪೀಕರಿನಲ್ಲಿ ಇಡೀ ಬೋಟಿಗೆ ಕೇಳುತ್ತದೆ.

ಸಮಯವನ್ನು ಕಡಲು ನೋಡಿ ಇಡಬೇಕು. ಟ್ರಾಲ್ ಬೋಟು ದೂರ ಹೋದ ಮೇಲೆ ನೆಟ್‌ವರ್ಕ್ ಇಲ್ಲ. ದಡಕ್ಕೆ ಬಂದಾಗ ಎಲ್ಲ ಮೆಸೇಜೂ ಒಟ್ಟಿಗೆ ಬಿದ್ದು ನಮ್ಮದು ಅಡಿಯಲ್ಲಿ ಹೂತುಹೋಗುತ್ತದೆ. ಬೋಟು ಬರುವ ದಿನ ತಿಳಿದುಕೊಂಡು, ಮೀನು ಇಳಿಸಿ ಮುಗಿದ ಮೇಲೆ ಕಳಿಸುತ್ತೇವೆ. ಜೂನ್, ಜುಲೈ ಮೀನುಗಾರಿಕೆ ನಿಷೇಧದ ತಿಂಗಳುಗಳು, ಹೊರರಾಜ್ಯದವರು ಊರಿಗೆ ಹೋಗುತ್ತಾರೆ. ಆರು ತಿಂಗಳಿಗೊಮ್ಮೆ ಆಗಬೇಕಾದ ಪರೀಕ್ಷೆಯನ್ನು ಅದಕ್ಕೇ ನವೆಂಬರ್ ಮತ್ತು ಮೇ ತಿಂಗಳಿಗೆ ಹೊಂದಿಸಿದ್ದೇವೆ. ಊರಿಗೆ ಹೊರಡುವಾಗ 1097 ಎಂಬ ಎಚ್‌ಐವಿ ಸಹಾಯವಾಣಿಯ ನಂಬರನ್ನು ಬಾಯಿಪಾಠ ಮಾಡಿಸುತ್ತೇವೆ, ಏಕೆಂದರೆ ಸಿಮ್ ಬದಲಾದರೆ ನಮ್ಮ ಸಂಪರ್ಕ ಕಡಿದುಹೋಗುತ್ತದೆ.

ಕಾಂಡೋಮ್ ಇಲ್ಲದೆ ಸಂಪರ್ಕವಾಯಿತು, ಸೋಂಕು ತಗುಲಿತೇನೋ ಎಂದು ಯಾರಾದರೂ ಹೆದರಿ ಬರೆದಾಗ ಮೊದಲ ಪ್ರಶ್ನೆ ‘ಯಾವಾಗ?’. 72 ಗಂಟೆ ದಾಟಿಲ್ಲವೆಂದರೆ ಚಾಟ್ ಅಲ್ಲಿಗೇ ನಿಲ್ಲಿಸಿ ಫೋನ್ ಮಾಡಿ, ಸರ್ಕಾರಿ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಜೊತೆಗೇ ಹೋಗುತ್ತೇವೆ. ಸೋಂಕು ನೆಲೆಯೂರದಂತೆ ತಡೆಯುವ ಪೆಪ್ ಮಾತ್ರೆ ಕೊಡುವ ತೀರ್ಮಾನ ವೈದ್ಯರದು. ಕೊಟ್ಟರೆ 28 ದಿನ ತಪ್ಪದೆ ನುಂಗಬೇಕು, ಎಷ್ಟು ಬೇಗ ಶುರುವಾದರೆ ಅಷ್ಟು ಒಳ್ಳೆಯದು. ಜೋಯಿಡಾ ಕಡೆಯಿಂದ ಬರುವವರಿಗೆ ದಾರಿಗೇ ಗಂಟೆಗಳು ಬೇಕು. ಆದ್ದರಿಂದ ರಾತ್ರಿ ಬಂದ ಮೆಸೇಜಿಗೆ ಬೆಳಿಗ್ಗೆ ಉತ್ತರಿಸುವ ವ್ಯವಸ್ಥೆ ವ್ಯವಸ್ಥೆಯೇ ಅಲ್ಲ. ಪಾಳಿ ಹಾಕಿ ಒಬ್ಬರು ಎಚ್ಚರವಿರಲೇಬೇಕು. 72 ಗಂಟೆ ದಾಟಿದ್ದರೆ ಎಚ್‌ಐವಿ ಪರೀಕ್ಷೆ ಮತ್ತು ಆಪ್ತ ಸಮಾಲೋಚನೆಯ ಸರ್ಕಾರಿ ಕೇಂದ್ರವಾದ ಐಸಿಟಿಸಿಗೆ ಕಳಿಸುತ್ತೇವೆ. ಮರುವಾರವೇ ನೆಗೆಟಿವ್ ಬಂತೆಂದು ನಿರಾಳವಾಗುವವರು ಬಹಳ, ಆದರೆ ಅಷ್ಟು ಬೇಗ ಮಾಡಿದ ಪರೀಕ್ಷೆಯಲ್ಲಿ ಸೋಂಕು ಕಾಣದಿರಬಹುದು. ಮೂರು ತಿಂಗಳಿಗೆ ಮತ್ತೆ ಪರೀಕ್ಷೆ ಮಾಡಿಸಲು ಅಲ್ಲೇ ದಿನ ಗುರುತಿಸಿ, ಅವರ ಗುಟ್ಟಿನ ಸಾಲನ್ನು ಆ ದಿನಕ್ಕೆ ಇಡುತ್ತೇವೆ.

ಫಲಿತಾಂಶ, ಪಾಸಿಟಿವ್ ಆಗಲಿ ನೆಗೆಟಿವ್ ಆಗಲಿ, ಫೋನಿನಲ್ಲಿ ಹೋಗುವುದಿಲ್ಲ. ನೆಗೆಟಿವ್ ಮಾತ್ರ ಕಳಿಸಿದರೆ ಮೆಸೇಜ್ ಬಾರದವರು ತಾವೇ ಅರ್ಥ ಮಾಡಿಕೊಳ್ಳುತ್ತಾರೆ. ಆಪ್ತ ಸಮಾಲೋಚಕರ ಎದುರು ಕೂತೇ ತಿಳಿಯಬೇಕು. ಒಬ್ಬರ ಎಚ್‌ಐವಿ ಸ್ಥಿತಿಯನ್ನು ಗುಟ್ಟಾಗಿಡುವುದು 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆಯಂತೆ ಕಡ್ಡಾಯವೂ ಹೌದು.

ಬರೀ ನೆನಪಿನ ಮೆಸೇಜಿನಿಂದ ಎಷ್ಟು ಸಾಧ್ಯ ಎಂಬುದಕ್ಕೂ ಮಿತಿಯಿದೆ. ದಕ್ಷಿಣ ಭಾರತದಲ್ಲಿ ಎಆರ್‌ಟಿ (ಎಚ್‌ಐವಿ ಹತೋಟಿಯ ಔಷಧ ಚಿಕಿತ್ಸೆ) ಆರಂಭಿಸಿದವರಿಗೆ ವಾರಕ್ಕೊಮ್ಮೆ ಸ್ವಯಂಚಾಲಿತ ಕರೆ ಮಾಡಿ ನಡೆಸಿದ ಅಧ್ಯಯನ 2014ರಲ್ಲಿ ಪ್ರಕಟವಾಯಿತು. ಕರೆಗಳಿಂದ ಚಿಕಿತ್ಸೆಯ ಫಲಿತಾಂಶ ಸುಧಾರಿಸಿದ್ದು ಕಾಣಲಿಲ್ಲ. ನಮ್ಮಲ್ಲೂ 1 ಒತ್ತಿದವರಲ್ಲಿ ಪರೀಕ್ಷೆಗೆ ನಿಜವಾಗಿ ಬರುವವರು ಪೀರ್ ಎಜುಕೇಟರ್, ಅಂದರೆ ಅದೇ ಸಮುದಾಯದಿಂದ ಬಂದ ನಮ್ಮ ಕಾರ್ಯಕರ್ತರು, ಹೋಗಿ ಕರೆತಂದವರೇ. ಅದಕ್ಕೆ ಪ್ರತಿ ಉತ್ತರದ ಮುಂದೆ ಆ ದಿನ ಹೋಗಬೇಕಾದ ಪೀರ್ ಎಜುಕೇಟರ್ ಹೆಸರು ಬರೆದಿರುತ್ತೇವೆ.

ಫೋನಿನಲ್ಲಿ ಹೆಸರಿಲ್ಲ, ಕೋಡ್ ಮಾತ್ರ. ಕೋಡ್ ಯಾರದೆಂಬ ಪುಸ್ತಕ ಬೀಗದ ಕಪಾಟಿನಲ್ಲಿ. ಚಾಟ್ ಬ್ಯಾಕಪ್ ಬಂದ್, ಮೆಸೇಜುಗಳು 7 ದಿನಕ್ಕೆ ಅಳಿಸಿಹೋಗುವಂತೆ ಇಟ್ಟಿದೆ. ಸಿಬ್ಬಂದಿ ಕೆಲಸ ಬಿಟ್ಟ ದಿನವೇ ಲಿಂಕ್ ಮಾಡಿದ ಕಂಪ್ಯೂಟರುಗಳನ್ನೆಲ್ಲ ಲಾಗ್‌ಔಟ್ ಮಾಡಿ ಪಿನ್ ಬದಲಿಸುತ್ತೇವೆ.